ಹೈದರಾಬಾದಿನ ಪ್ರಾಣಿ ಆಶ್ರಯಗಳು: ಸಾರ್ವಜನಿಕ ಪ್ರವೇಶ ಮತ್ತು ಉತ್ತರದಾಯಿತ್ವದ ಪ್ರಶ್ನೆ

ಬೀದಿಯ ಪ್ರಾಣಿಯನ್ನು ಹಿಡಿದು ಗೋಡೆಗಳ ಒಳಗೆ ಇರಿಸುವ ಅಧಿಕಾರವನ್ನು ಕಾನೂನು ನಗರಪಾಲಿಕೆಗೆ ಕೊಟ್ಟಿರುವಾಗ, ಆ ಗೋಡೆಗಳ ಒಳಗೆ ನಡೆದದ್ದನ್ನು ತಿಳಿಯುವ ಹಕ್ಕು ಯಾರಿಗಿದೆ, ತಿಳಿದ ಮೇಲೆ ಲೆಕ್ಕ ಕೇಳುವ ದಾರಿ ಯಾವುದು ಎಂಬ ಪ್ರಶ್ನೆಗಳು ಆ ಅಧಿಕಾರದ ಜೊತೆಗೇ ಹುಟ್ಟುತ್ತವೆ. ಭಾರತದ ದೊಡ್ಡ ನಗರಗಳಲ್ಲಿ ಬೀದಿನಾಯಿಗಳ ಕುರಿತು ನಡೆಯುವ ಚರ್ಚೆ ಬಹುಮಟ್ಟಿಗೆ ನಾಯಿಗಳು ಬೀದಿಯಲ್ಲಿರಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತಿದ್ದು, ಹಿಡಿದ ನಾಯಿಗಳನ್ನು ಇರಿಸುವ ಸ್ಥಳಗಳ ಆಡಳಿತ ಆ ಗದ್ದಲದಲ್ಲಿ ಹಿಂದೆ ಉಳಿದಿದೆ. ಹೈದರಾಬಾದ್ ಈ ಸಂಗತಿಯನ್ನು ಪರಿಶೀಲಿಸಲು ತಕ್ಕ ನಗರ. ಏಕೆಂದರೆ ಅಲ್ಲಿ ಪಾಲಿಕೆಯೇ ನಡೆಸುವ ಪ್ರಾಣಿ ಪಾಲನಾ ಕೇಂದ್ರಗಳಿವೆ, ಮೂರು ದಶಕ ಮೀರಿದ ಅನುಭವವುಳ್ಳ ಸ್ವಯಂಸೇವಾ ಸಂಸ್ಥೆಗಳಿವೆ, ಉಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣವಿದೆ, ಮತ್ತು ರಾಜ್ಯದ ಮಾಹಿತಿ ಆಯೋಗ ಎರಡು ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರಿಲ್ಲದೆ ನಿಂತುಹೋಗಿದ್ದ ಇತಿಹಾಸವೂ ಇದೆ.

ಇಲ್ಲಿ ಆಶ್ರಯ ಎಂದರೆ ಮೂರು ಬಗೆಯ ಸ್ಥಳಗಳು ಎಂದು ತಿಳಿಯಬೇಕು. ಮೊದಲನೆಯದು, ಸಂತಾನಹರಣ ಶಸ್ತ್ರಚಿಕಿತ್ಸೆಗಾಗಿ ನಾಯಿಗಳನ್ನು ತಂದು ಕೆಲವು ದಿನ ಇರಿಸಿಕೊಳ್ಳುವ ಪಾಲಿಕೆಯ ಕೇಂದ್ರ. ಎರಡನೆಯದು, ಗಾಯಗೊಂಡ ಅಥವಾ ಬಿಟ್ಟುಹೋದ ಪ್ರಾಣಿಗಳನ್ನು ಸ್ವಯಂಸೇವಾ ಸಂಸ್ಥೆಗಳು ಸಾಕುವ ನೆಲೆ. ಮೂರನೆಯದು, ಬಿಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿ ಮತ್ತು ಅದರ ಮುಂದುವರಿಕೆಯಾಗಿ ಬೆಳೆದ ಗೋಶಾಲೆ. ಉತ್ತರದಾಯಿತ್ವ ಎಂಬುದು ಈ ಲೇಖನದಲ್ಲಿ ಸದುದ್ದೇಶದ ಭರವಸೆಯನ್ನು ಸೂಚಿಸುವುದಿಲ್ಲ. ತಂದ ಪ್ರಾಣಿಗೆ ಏನಾಯಿತೆಂಬುದನ್ನು ಕೇಳಿದವರಿಗೆ ದಾಖಲೆಯಿಂದ ತೋರಿಸಬೇಕಾದ, ತೋರಿಸದಿದ್ದರೆ ಪರಿಣಾಮ ಎದುರಿಸಬೇಕಾದ ಕಟ್ಟುಪಾಡನ್ನು ಸೂಚಿಸುತ್ತದೆ.

ಈ ಕಟ್ಟುಪಾಡು ಹೊಸದಲ್ಲ. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಿಗೆ 1871ರಲ್ಲಿ ಬಂದ ದನಗಳ ಅತಿಕ್ರಮ ಪ್ರವೇಶ ಕಾಯ್ದೆ ದೊಡ್ಡಿಯ ಪಾಲಕನ ಮೇಲೆ ಹೇರಿದ ಕರ್ತವ್ಯಗಳನ್ನು ಇಂದು ಓದಿದರೆ ಅಚ್ಚರಿಯಾಗುತ್ತದೆ. ತಂದ ದನಗಳ ಸಂಖ್ಯೆ ಮತ್ತು ವಿವರ, ತಂದ ದಿನ ಮತ್ತು ಹೊತ್ತು, ಹಿಡಿದು ತಂದವನ ಹೆಸರು, ಗೊತ್ತಿದ್ದರೆ ಒಡೆಯನ ಹೆಸರು, ಇವೆಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕಿತ್ತು; ದಂಡದ ದರವನ್ನೂ ಮೇವು ನೀರಿನ ಖರ್ಚಿನ ದರವನ್ನೂ ದೊಡ್ಡಿಯ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕಿತ್ತು; ಏಳು ದಿನಗಳಲ್ಲಿ ಯಾರೂ ಬಂದು ಬಿಡಿಸಿಕೊಳ್ಳದಿದ್ದರೆ ಸಮೀಪದ ಪೊಲೀಸ್ ಠಾಣೆಯಲ್ಲಿ ಪ್ರಕಟಣೆ ಅಂಟಿಸಿ, ದನ ಹಿಡಿದ ಜಾಗಕ್ಕೆ ಹತ್ತಿರದ ಹಳ್ಳಿಯಲ್ಲೂ ಸಂತೆಯಲ್ಲೂ ಡಂಗುರ ಹೊಡೆಸಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಹರಾಜಿನಲ್ಲಿ ಪೊಲೀಸರಾಗಲಿ ದೊಡ್ಡಿಯ ಪಾಲಕನಾಗಲಿ ದನ ಕೊಳ್ಳುವಂತಿರಲಿಲ್ಲ. ನಿಜಾಮರ ಸಂಸ್ಥಾನಕ್ಕೆ ಆ ಕಾಯ್ದೆ ಆಗ ನೇರವಾಗಿ ಅನ್ವಯಿಸುತ್ತಿರಲಿಲ್ಲವಾದರೂ, ಪ್ರಾಣಿಯನ್ನು ವಶಕ್ಕೆ ಪಡೆದವನು ಊರಿಗೆ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವ ಭಾರತದ ಕಾನೂನಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ. ದನಕ್ಕೆ ಒಡೆಯನಿದ್ದ, ಒಡೆಯನಿಗೆ ಆಸ್ತಿಯ ಹಕ್ಕಿತ್ತು, ಆದ್ದರಿಂದ ಡಂಗುರ ಹೊಡೆಯಲಾಯಿತು. ಬೀದಿನಾಯಿಗೆ ಒಡೆಯನಿಲ್ಲದ ಕಾರಣ ಬಹುಕಾಲ ಅದರ ಪರವಾಗಿ ಯಾವ ಪುಸ್ತಕವೂ ತೆರೆಯಲಿಲ್ಲ. ಭಾರತದ ಬಹುತೇಕ ನಗರಸಭೆಗಳು ಅವನ್ನು ಹಿಡಿದು ಕೊಲ್ಲುವುದನ್ನೇ ನಿಯಂತ್ರಣದ ಕ್ರಮವೆಂದು ದೀರ್ಘಕಾಲ ನಂಬಿದ್ದವು.

ಕೊಲ್ಲುವ ಬದಲು ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕ್ರಮವನ್ನು ಚೆನ್ನೈಯಲ್ಲಿ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ಆರಂಭಿಸಿತು; ಅಲ್ಲಿನ ಪಾಲಿಕೆ ಅದನ್ನು ಒಪ್ಪಿಕೊಂಡದ್ದು 1996ರಲ್ಲಿ. ಹೈದರಾಬಾದಿನಲ್ಲಿ ನಟಿ ಅಕ್ಕಿನೇನಿ ಅಮಲಾ 1992ರಲ್ಲಿ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಸ್ಥಾಪಿಸಿದರು. ಈ ಕ್ರಮಕ್ಕೆ ದೇಶವ್ಯಾಪಿ ಕಾನೂನಿನ ರೂಪ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರ ಡಿಸೆಂಬರ್‌ನಲ್ಲಿ ಹೊರಬಿದ್ದ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳಿಂದ. ಆ ನಿಯಮಗಳಲ್ಲಿ ಹಳೆಯ ಡಂಗುರದ ನೆರಳು ಕಾಣುತ್ತದೆ: ಒಂದು ಬಡಾವಣೆಯಲ್ಲಿ ನಾಯಿ ಹಿಡಿಯುವ ಮೊದಲು ವಾಹನದ ಜೊತೆಗಿರುವ ಪ್ರತಿನಿಧಿ, ಈ ನಾಯಿಗಳನ್ನು ಸಂತಾನಹರಣಕ್ಕೂ ಲಸಿಕೆಗೂ ಒಯ್ಯಲಾಗುತ್ತಿದೆ, ಮರಳಿ ಇಲ್ಲಿಯೇ ಬಿಡಲಾಗುವುದು ಎಂದು ಜನರಿಗೆ ಸಾರಿ ಹೇಳಬೇಕು, ಹಿಡಿದ ಸ್ಥಳ, ದಿನ, ಸಮಯ, ಹಿಡಿದ ತಂಡದವರ ಹೆಸರು, ಗಂಡು ಹೆಣ್ಣು ಮರಿಗಳ ಸಂಖ್ಯೆ ಬರೆದಿಡಬೇಕು, ಪ್ರತಿ ನಾಯಿಗೂ ಗುರುತಿನ ಸಂಖ್ಯೆ ಕೊಡಬೇಕು.

ಈ ವ್ಯವಸ್ಥೆಯ ಒಂದು ಗುಣವನ್ನು ಅದರ ಬೆಂಬಲಿಗರೂ ವಿರೋಧಿಗಳೂ ಸಾಕಷ್ಟು ಗಮನಿಸಿಲ್ಲ. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ಅಂಚನ್ನು ಗುರುತಿಗಾಗಿ ಕತ್ತರಿಸಿ, ಅದನ್ನು ಹಿಡಿದ ಬೀದಿಯಲ್ಲೇ ಬಿಡುವುದು ಪಶುವೈದ್ಯಕೀಯ ಕ್ರಮವಾಗಿರುವಂತೆ ಲೆಕ್ಕಪರಿಶೋಧನೆಯ ಕ್ರಮವೂ ಆಗಿತ್ತು. ಕೇಂದ್ರದ ಒಳಗೆ ಕಾಲಿಡದ ಚಹಾದಂಗಡಿಯವನಿಗೂ, ಮನೆಗೆಲಸದ ಹೆಂಗಸಿಗೂ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೂ ಆ ನಾಯಿ ಮರಳಿತೇ, ಎಷ್ಟು ದಿನಕ್ಕೆ ಮರಳಿತು, ಗಾಯ ಮಾಗಿದೆಯೇ, ಕಿವಿಯಲ್ಲಿ ಗುರುತಿದೆಯೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಮರಳದ ನಾಯಿಯ ಬಗ್ಗೆ ಕೇಳುವವರು ಬೀದಿಯಲ್ಲೇ ಇದ್ದರು. ಆಶ್ರಯದ ಬಾಗಿಲು ಮುಚ್ಚಿದ್ದರೂ ಅದರ ಕೆಲಸದ ಫಲ ಬೀದಿಯಲ್ಲಿ ತೆರೆದಿಟ್ಟಂತಿತ್ತು. ಆಶ್ರಯದ ಮೇಲ್ವಿಚಾರಣೆಯ ಇಂದಿನ ಕೊರತೆಗಳನ್ನು ಅಳೆಯುವಾಗ ಈ ಸಂಗತಿಯನ್ನು ಮುಂದಿಟ್ಟುಕೊಳ್ಳುವುದು ಅವಶ್ಯ. ಏಕೆಂದರೆ 2025ರ ನಂತರ ಬದಲಾಗಿರುವುದು ಮುಖ್ಯವಾಗಿ ಇದೇ.

ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ 2007ರ ಏಪ್ರಿಲ್‌ನಲ್ಲಿ ಹಳೆಯ ಪಾಲಿಕೆಗೆ 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯತಿಗಳನ್ನೂ ಸೇರಿಸಿ ರಚನೆಯಾಯಿತು. ಜಿಎಚ್‌ಎಂಸಿ ಎಂಬ ಹೆಸರಿನಿಂದಲೇ ಜನ ಅದನ್ನು ಗುರುತಿಸುತ್ತಾರೆ. ಅದರ ಪಶುವೈದ್ಯ ವಿಭಾಗದ ಅಡಿಯಲ್ಲಿ ಫತುಲ್ಲಾಗುಡ, ಚೂಡಿಬಜಾರ್, ಪಟೇಲ್‌ನಗರ, ಕೆಪಿಎಚ್‌ಬಿ ಕಾಲೊನಿ, ಮಹಾದೇವಪುರ ಮೊದಲಾದೆಡೆ ಪ್ರಾಣಿ ಪಾಲನಾ ಕೇಂದ್ರಗಳು ನೆಲೆಗೊಂಡವು. ನಾಯಿ ಹಿಡಿಯುವವರು, ವಾಹನ ಚಾಲಕರು, ಗೂಡು ತೊಳೆಯುವವರು, ವೈದ್ಯರು, ಸಂಸ್ಥೆಗಳ ಸಿಬ್ಬಂದಿ, ಹೀಗೆ ಹಲವು ಕೈಗಳನ್ನು ದಾಟಿ ಒಂದು ನಾಯಿ ಒಳಹೋಗಿ ಹೊರಬರುತ್ತದೆ. ನಗರದಲ್ಲಿ ಒಟ್ಟು ಎಷ್ಟು ನಾಯಿಗಳಿವೆ ಎಂಬುದಕ್ಕೆ ಅಧಿಕಾರಿಗಳ ಹೇಳಿಕೆಗಳಲ್ಲೇ ಸುಮಾರು 4 ಲಕ್ಷದಿಂದ ಐದೂವರೆ ಲಕ್ಷದವರೆಗೆ ಅಂತರವಿದೆ. ಈ ಅಂತರ ಚಿಕ್ಕದಲ್ಲ. ರೇಬೀಸ್ ಹರಡುವಿಕೆ ಮುರಿಯಬೇಕಾದರೆ ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ರಷ್ಟಕ್ಕೆ ಲಸಿಕೆ ಆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಒಟ್ಟು ಸಂಖ್ಯೆಯೇ ಖಚಿತವಿಲ್ಲದಿದ್ದರೆ ಶೇಕಡಾವಾರಿನ ಮಾತಿಗೆ ನೆಲೆಯಿರುವುದಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ರೇಬೀಸ್ ಲಸಿಕೆ ತಯಾರಿಸುವ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಇರುವುದು ಇದೇ ನಗರದಲ್ಲಿ. ಲಕ್ಷಣ ಕಾಣಿಸಿಕೊಂಡ ಬಳಿಕ ಬದುಕಿಸಲಾಗದ ರೇಬೀಸ್ ರೋಗಿಗಳನ್ನು ದಾಖಲಿಸಿಕೊಳ್ಳುವ ನಲ್ಲಕುಂಟದ ಫೀವರ್ ಆಸ್ಪತ್ರೆ ಇರುವುದೂ ಇಲ್ಲಿಯೇ. ಲಸಿಕೆಯ ದಾಖಲೆ ಸರಿಯಿದೆಯೇ ಎಂಬ ಪ್ರಶ್ನೆ ಈ ಎರಡರ ನಡುವೆ ನಿಲ್ಲುವಂಥದು.

ದೇಶದ ಹಲವೆಡೆ ಈ ಕೆಲಸಕ್ಕೆ ಹಣ ಸಂದಾಯವಾಗುವುದು ನಾಯಿಯೊಂದಕ್ಕೆ ಇಷ್ಟು ಎಂಬ ದರದಲ್ಲಿ. ಅಂಥ ಪಾವತಿ ಸಂಖ್ಯೆಯನ್ನು ಬೆಳೆಸುವ ಆಸೆಯನ್ನು ಹುಟ್ಟಿಸಬಹುದೆಂಬುದನ್ನು ನಿಯಮ ರೂಪಿಸಿದವರೇ ಊಹಿಸಿದ್ದರು. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಗಳನ್ನು ಫಾರ್ಮಲಿನ್ ದ್ರಾವಣದಲ್ಲಿ ಉಳಿಸಿ, ಮೇಲ್ವಿಚಾರಣಾ ಸಮಿತಿಯವರು ಎಣಿಸಿದ ಮೇಲೆ ಸುಡಬೇಕೆಂಬ ಕ್ರಮ ಬಂತು. ಎಣಿಕೆಯಿಂದ ಶಸ್ತ್ರಚಿಕಿತ್ಸೆ ನಡೆದದ್ದು ಗೊತ್ತಾಗುತ್ತದೆ. ಆ ನಾಯಿ ಬದುಕಿತೇ, ಹೊಲಿಗೆ ಬಿಚ್ಚಿತೇ, ಮೂಲದ ಬೀದಿಗೆ ಮರಳಿತೇ ಎಂಬುದು ಆ ಎಣಿಕೆಯಿಂದ ತಿಳಿಯುವುದಿಲ್ಲ. ಹಣದ ಲೆಕ್ಕಕ್ಕೆ ಬೇಕಾದ ಪುರಾವೆಯೂ ಪ್ರಾಣಿಯ ಲೆಕ್ಕಕ್ಕೆ ಬೇಕಾದ ಪುರಾವೆಯೂ ಬೇರೆ ಬೇರೆ ಎಂಬುದನ್ನು ಆಡಳಿತ ಒಪ್ಪಿಕೊಳ್ಳುವವರೆಗೆ ಮೇಲ್ವಿಚಾರಣೆ ಅರ್ಧವಾಗಿಯೇ ಉಳಿಯುತ್ತದೆ.

2023ರ ಫೆಬ್ರವರಿಯಲ್ಲಿ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದ. ತಂದೆ ಕೆಲಸ ಮಾಡುತ್ತಿದ್ದ ಸ್ಥಳದಲ್ಲೇ ನಡೆದ ಆ ದಾಳಿಯ ದೃಶ್ಯ ಕ್ಯಾಮರಾದಲ್ಲಿ ದಾಖಲಾಗಿ ದೇಶವನ್ನು ನಡುಗಿಸಿತು. ತೆಲಂಗಾಣ ಉಚ್ಚ ನ್ಯಾಯಾಲಯ ಪತ್ರಿಕಾ ವರದಿಯ ಆಧಾರದ ಮೇಲೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು ಸರ್ಕಾರದಿಂದಲೂ ಪಾಲಿಕೆಯಿಂದಲೂ ಉತ್ತರ ಕೇಳಿತು. ಮಗುವನ್ನು ಕಳೆದುಕೊಂಡ ಕುಟುಂಬಕ್ಕೆ ಮೊದಲು ಏಳುವ ಪ್ರಶ್ನೆಗಳು ಆಶ್ರಯದ ದಾಖಲೆಪುಸ್ತಕದ ಪ್ರಶ್ನೆಗಳೇ ಆಗಿರುತ್ತವೆ: ಈ ಬೀದಿಯ ನಾಯಿಗಳನ್ನು ಹಿಂದೆ ಯಾವಾಗ ಹಿಡಿಯಲಾಗಿತ್ತು, ಎಷ್ಟಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು, ಬೇರೆ ಬಡಾವಣೆಯಿಂದ ಹಿಡಿದ ನಾಯಿಗಳನ್ನು ಇಲ್ಲಿ ತಂದು ಬಿಡಲಾಗಿತ್ತೇ, ಮೊದಲೇ ದೂರು ಬಂದಿತ್ತೇ, ಬಂದಿದ್ದರೆ ಅದರ ಮೇಲೆ ಏನು ಕ್ರಮವಾಯಿತು. ನಾಯಿಗಳಿಗೆ ಅನ್ನ ಹಾಕುವವರು ತಮ್ಮ ಬೀದಿಯಿಂದ ಒಯ್ದ ನಾಯಿ ಮರಳದಿದ್ದಾಗ ಕೇಳುವುದೂ ಇವೇ ಪ್ರಶ್ನೆಗಳನ್ನು. ಪರಸ್ಪರ ಶತ್ರುಗಳಂತೆ ಚಿತ್ರಿತವಾಗುವ ಈ ಎರಡು ಗುಂಪುಗಳಿಗೂ ಬೇಕಾದ ಪುಸ್ತಕ ಒಂದೇ ಎಂಬುದು ಈ ವಿವಾದದಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ಅತ್ಯಂತ ಉಪಯುಕ್ತವಾಗಬಲ್ಲ ಸತ್ಯ.

ಮರುವರ್ಷ ಜುಲೈಯಲ್ಲಿ ಜವಾಹರ್‌ನಗರದಲ್ಲಿ ಇನ್ನೂ ಎರಡು ವರ್ಷ ತುಂಬದ ಕೂಸು ಅದೇ ರೀತಿ ಸತ್ತಿತು. ಜನ ಮಾತಿನಲ್ಲಿ ಹೈದರಾಬಾದ್ ಎಂದೇ ಕರೆಯುವ ಈ ಪ್ರದೇಶ ಆಗ ಜಿಎಚ್‌ಎಂಸಿಯ ಗಡಿಯ ಹೊರಗಿತ್ತು. ನಾಯಿಗೆ ಆಡಳಿತದ ಗಡಿ ಗೊತ್ತಿಲ್ಲ, ಆದರೆ ಹೊಣೆ ಗಡಿಯ ಬಳಿ ಬಂದು ಬದಲಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಹೊರವರ್ತುಲ ರಸ್ತೆಯವರೆಗಿನ 27 ನಗರ ಸ್ಥಳೀಯ ಸಂಸ್ಥೆಗಳನ್ನು ಪಾಲಿಕೆಯಲ್ಲಿ ವಿಲೀನಗೊಳಿಸಿ ವಾರ್ಡುಗಳ ಸಂಖ್ಯೆಯನ್ನು 150ರಿಂದ 300ಕ್ಕೆ ಏರಿಸಿದಾಗ ಜವಾಹರ್‌ನಗರವೂ ಒಳಗೆ ಬಂತು. ಗಡಿಗಳು ಹೀಗೆ ಮತ್ತೆ ಮತ್ತೆ ಬದಲಾಗುವ ಊರಿನಲ್ಲಿ ಹಿಂದಿನ ಸಂಸ್ಥೆಯ ದಾಖಲೆಗಳು ಹೊಸ ಸಂಸ್ಥೆಗೆ ಕ್ರಮವಾಗಿ ದಾಟಬೇಕೆಂಬುದು ಕಚೇರಿಯ ಸಣ್ಣ ವಿಷಯವೆನಿಸಿದರೂ, ಯಾವ ಬೀದಿಯಲ್ಲಿ ಲಸಿಕೆಯಾಗಿದೆ ಎಂಬ ನೆನಪು ಉಳಿಯುವುದೂ ಅಳಿಯುವುದೂ ಅದರ ಮೇಲೆಯೇ ನಿಂತಿದೆ.

ಅಂಬರ್‌ಪೇಟೆಯ ದುರಂತದ ಮುಂದಿನ ತಿಂಗಳು, 2023ರ ಮಾರ್ಚ್ 10ರಂದು, ಹಳೆಯ ನಿಯಮಗಳ ಸ್ಥಾನದಲ್ಲಿ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು 2023 ಜಾರಿಗೆ ಬಂದವು. ಇವುಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿಂದ ಯೋಜನೆಗೆ ಮಾನ್ಯತೆ ಪಡೆಯದೆ ಯಾವ ಸ್ಥಳೀಯ ಸಂಸ್ಥೆಯೂ ಸ್ವಯಂಸೇವಾ ಸಂಸ್ಥೆಯೂ ಈ ಕಾರ್ಯಕ್ರಮ ನಡೆಸುವಂತಿಲ್ಲ; ಶಸ್ತ್ರಚಿಕಿತ್ಸೆಯ ಬಳಿಕ ಕನಿಷ್ಠ ನಾಲ್ಕು ದಿನ ಆರೈಕೆ ಇರಬೇಕು; ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ನಾಯಿಗಳನ್ನು ಇರಿಸುವಲ್ಲೂ ಕ್ಯಾಮರಾ ಇರಬೇಕು; ಕೇಂದ್ರ, ರಾಜ್ಯ, ಸ್ಥಳೀಯ ಎಂಬ ಮೂರು ಹಂತಗಳಲ್ಲಿ ಸಮಿತಿಗಳಿರಬೇಕು; ಪಾಲಿಕೆಯ ಆಯುಕ್ತರ ಅಧ್ಯಕ್ಷತೆಯ ಸ್ಥಳೀಯ ಮೇಲ್ವಿಚಾರಣಾ ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು. ಗುಣವಾಗದ ರೋಗಕ್ಕೆ ತುತ್ತಾದ ಅಥವಾ ಸಾಯುವಂತೆ ಗಾಯಗೊಂಡ ನಾಯಿಗೆ ದಯಾಮರಣ ಕೊಡುವುದಾದರೆ ಕಾರಣಸಹಿತ ದಾಖಲೆ ಇರಬೇಕು. ಕಾಗದದ ಮೇಲೆ ಇದು ಬಲವಾದ ಚೌಕಟ್ಟು. ಆದರೆ ಇದರ ವರದಿಗಳ ಹರಿವಿಗೆ ಒಂದೇ ದಿಕ್ಕು: ಕೇಂದ್ರದಿಂದ ಸಮಿತಿಗೆ, ಸಮಿತಿಯಿಂದ ಮಂಡಳಿಗೆ. ನಾಯಿ ಹಿಡಿದ ಬೀದಿಯ ಕಡೆಗೆ ಅವು ಹರಿಯಬೇಕೆಂಬ ಸ್ಪಷ್ಟ ಕಟ್ಟಳೆ ಇಲ್ಲ. 1962ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಮುಂದಾಳತ್ವದಲ್ಲಿ ಚೆನ್ನೈಯಲ್ಲಿ ಆರಂಭವಾಗಿ, ಈಗ ಹರಿಯಾಣಾದ ಬಲ್ಲಭಗಢದಲ್ಲಿರುವ ಮಂಡಳಿಗೆ ಹೈದರಾಬಾದಿನ ಒಂದು ಕೇಂದ್ರದ ದಿನನಿತ್ಯದ ಸ್ಥಿತಿ ತಿಳಿಯುವುದು ಕಾಗದದಿಂದಲೇ.

ಸ್ಥಳೀಯ ಸಮಿತಿಯ ರಚನೆಯಲ್ಲೂ ಒಂದು ತೊಡಕಿದೆ. ಅದರಲ್ಲಿ ಆರೋಗ್ಯ ಮತ್ತು ಪಶುಪಾಲನೆ ಇಲಾಖೆಗಳ ಅಧಿಕಾರಿಗಳ ಜೊತೆ ಜಿಲ್ಲಾ ಪ್ರಾಣಿದಯಾ ಸಂಘದ ಹಾಗೂ ಪ್ರಾಣಿ ಕಲ್ಯಾಣ ಸಂಸ್ಥೆಗಳ ಪ್ರತಿನಿಧಿಗಳು ಇರುತ್ತಾರೆ. ಅನುಭವಿ ಸಂಸ್ಥೆಗಳು ಬೆರಳೆಣಿಕೆಯಷ್ಟಿರುವ ನಗರದಲ್ಲಿ ಕೆಲಸದ ಗುತ್ತಿಗೆ ಪಡೆದ ಸಂಸ್ಥೆಯವರೇ ಕೆಲಸ ಪರಿಶೀಲಿಸುವ ಸಮಿತಿಯಲ್ಲಿ ಕೂರುವ ಸಂದರ್ಭ ಒದಗಬಹುದು; ದೊಡ್ಡಿಯ ಪಾಲಕ ಹರಾಜಿನಲ್ಲಿ ದನ ಕೊಳ್ಳಬಾರದೆಂದ 1871ರ ಎಚ್ಚರ ಇಲ್ಲಿ ಬೇಕಾಗುತ್ತದೆ. ನಾಯಿಗಳಿಗೆ ಆಹಾರ ಹಾಕುವ ಸ್ಥಳದ ಬಗ್ಗೆ ಜಗಳವಾದರೆ ಅದನ್ನು ತೀರ್ಮಾನಿಸುವ ಸಮಿತಿಯಲ್ಲಿ ನಿವಾಸಿಗಳ ಸಂಘದ ಪ್ರತಿನಿಧಿಗೂ ದೂರುದಾರನಿಗೂ ಅದೇ 2023ರ ನಿಯಮಗಳು ಸ್ಥಾನ ಕೊಟ್ಟಿವೆ. ಬೀದಿಯ ಜಗಳಕ್ಕೆ ಸಿಕ್ಕ ಈ ಸ್ಥಾನ ಆಶ್ರಯದ ಮೇಲ್ವಿಚಾರಣೆಯಲ್ಲಿ ನಿವಾಸಿಗೆ ಅಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ.

ಹೈದರಾಬಾದಿನ ಒಳಗೇ ಇರುವ ಎರಡು ಹೋಲಿಕೆಗಳು ಈ ಕೊರತೆಯನ್ನು ಎತ್ತಿ ತೋರಿಸುತ್ತವೆ. ನಗರದಲ್ಲಿ ಔಷಧ ಮತ್ತು ಲಸಿಕೆ ಸಂಶೋಧನೆಯ ಪ್ರಯೋಗಾಲಯಗಳು ಬಹಳ. ಅಲ್ಲಿ ಇಲಿ ಮೊಲಗಳ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯೂ ಪ್ರಾಣಿ ನೀತಿ ಸಮಿತಿಯೊಂದನ್ನು ರಚಿಸಿಕೊಳ್ಳಬೇಕು, ಮತ್ತು ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಹೊರಗಿನ ಸದಸ್ಯ ಇರಲೇಬೇಕೆಂಬ ನಿಯಮವಿದೆ. ಇನ್ನೊಂದು, 1963ರಲ್ಲಿ ತೆರೆದ ನೆಹರೂ ಪ್ರಾಣಿಸಂಗ್ರಹಾಲಯ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯುಳ್ಳ ಮೃಗಾಲಯಗಳು ವರ್ಷದ ಆರಂಭದಲ್ಲಿ ಎಷ್ಟು ಪ್ರಾಣಿಗಳಿದ್ದವು, ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಬಂದವು ಹೋದವು ಎಂಬ ಪಟ್ಟಿಯನ್ನು ಪ್ರತಿ ವರ್ಷ ಒಪ್ಪಿಸುತ್ತವೆ, ಪ್ರಾಧಿಕಾರ ಅದನ್ನು ಪ್ರಕಟಿಸುತ್ತದೆ. ಸಾಮಾನ್ಯರಿಗೆ ಟಿಕೆಟ್ ಪಡೆದು ಒಳಹೋಗಿ ನೋಡುವ ಅವಕಾಶವೂ ಇದೆ. ಹೀಗೆ ಒಂದೇ ನಗರದಲ್ಲಿ ಪ್ರಯೋಗಾಲಯದ ಇಲಿಯ ಬಗ್ಗೆ ಹೊರಗಿನವನೊಬ್ಬ ಪ್ರಶ್ನೆ ಕೇಳಬಲ್ಲ, ಮೃಗಾಲಯದ ಜಿಂಕೆಯ ಸಾವು ಪಟ್ಟಿಯಲ್ಲಿ ಅಚ್ಚಾಗುತ್ತದೆ. ಪಾಲಿಕೆಯ ಗೂಡಿನಲ್ಲಿರುವ ನಾಯಿಗೆ ಈ ಎರಡೂ ಖಾತರಿಗಳು ಅದೇ ಬಲದಲ್ಲಿ ಒದಗಿಲ್ಲ. ಪ್ರಾಣಿಯ ಬೆಲೆಯಲ್ಲಿ ಇಂಥ ವ್ಯತ್ಯಾಸಕ್ಕೆ ಯಾವ ತಾತ್ವಿಕ ಸಮರ್ಥನೆಯೂ ಇಲ್ಲ. ಜಲ್ಲಿಕಟ್ಟು ಪ್ರಕರಣವೆಂದು ಹೆಸರಾದ 2014ರ ನಾಗರಾಜ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹಸಿವು, ನೋವು, ಭಯ ಮೊದಲಾದವುಗಳಿಂದ ಪ್ರಾಣಿಗಳಿಗೆ ಇರಬೇಕಾದ ಐದು ಬಿಡುಗಡೆಗಳನ್ನು ಎತ್ತಿಹಿಡಿದಾಗ ಜಾತಿಯ ಭೇದ ಮಾಡಿರಲಿಲ್ಲ.

ಹೊರಗಿನವರಿಗೆ ಕಾನೂನಿನ ಮೂಲಕ ಒಳನೋಟ ಕೊಡುವ ಸಾಧನವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಇದರಲ್ಲಿ ನಕಲು ಪಡೆಯುವ ಹಕ್ಕಿನ ಜೊತೆಗೆ ಕಾಮಗಾರಿಯನ್ನೂ ದಾಖಲೆಯನ್ನೂ ಸ್ವತಃ ಹೋಗಿ ಪರಿಶೀಲಿಸುವ ಹಕ್ಕು ಸೇರಿದೆ ಎಂಬುದು ಪ್ರಾಣಿ ಆಶ್ರಯದ ವಿಷಯದಲ್ಲಿ ಬಹಳ ಮುಖ್ಯ. ಕೇಂದ್ರವನ್ನು ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದರೂ ದಾರಿ ಮುಚ್ಚುವುದಿಲ್ಲ: ಬೇರೊಂದು ಕಾನೂನಿನ ಬಲದಿಂದ ಸರ್ಕಾರಿ ಸಂಸ್ಥೆ ಖಾಸಗಿಯವರಿಂದ ಪಡೆಯಬಹುದಾದ ವಿವರವೂ ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ. ಇದರ ಮೇಲೆ 2019ರ ಡಿಎವಿ ಕಾಲೇಜು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸರ್ಕಾರದಿಂದ ಗಣನೀಯ ನೆರವು ಪಡೆದ ಸಂಸ್ಥೆ ಈ ಕಾಯ್ದೆಗೆ ಒಳಪಡುತ್ತದೆಂದೂ, ನಗರದಲ್ಲಿ ಪುಕ್ಕಟೆಯಾಗಿ ಅಥವಾ ಭಾರಿ ರಿಯಾಯಿತಿಯಲ್ಲಿ ಕೊಟ್ಟ ಜಮೀನು ಕೂಡ ಅಂಥ ನೆರವಾಗಬಹುದೆಂದೂ ಹೇಳಿತು. ಆಶ್ರಯಗಳಿಗೆ ಸರ್ಕಾರಿ ಭೂಮಿ ಕೊಡುವಾಗಲೆಲ್ಲ ಈ ತೀರ್ಪು ನೆನಪಾಗಬೇಕು.

ಆದರೆ ಹಕ್ಕಿನ ಬಾಗಿಲಿಗೆ ಕಾವಲುಗಾರನೇ ಇಲ್ಲದ ಕಾಲವೊಂದನ್ನು ಹೈದರಾಬಾದ್ ಕಂಡಿತು. ಕೇಳಿದ ಮಾಹಿತಿ 30 ದಿನಗಳಲ್ಲಿ ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ, ಎರಡನೆಯದು ರಾಜ್ಯ ಮಾಹಿತಿ ಆಯೋಗಕ್ಕೆ. ತೆಲಂಗಾಣದ ಆಯೋಗದಲ್ಲಿ 2023ರ ಫೆಬ್ರವರಿಯಿಂದ 2025ರ ಮೇ ತಿಂಗಳವರೆಗೆ ಆಯುಕ್ತರೇ ಇರಲಿಲ್ಲ. ಅಂದರೆ ಅಂಬರ್‌ಪೇಟೆಯ ಸಾವಿನ ಬಳಿಕ ಸಂತಾನಹರಣದ ಲೆಕ್ಕವನ್ನು ಜನ ಅತ್ಯಂತ ಆತಂಕದಿಂದ ಕೇಳಬೇಕಿದ್ದ ಅವಧಿಯುದ್ದಕ್ಕೂ, ಉತ್ತರ ಕೊಡದ ಅಧಿಕಾರಿಗೆ ದಂಡ ಹಾಕಬಲ್ಲ ಪೀಠ ಖಾಲಿಯಿತ್ತು. ಅರ್ಜಿ ಹಾಕಿ ಪಡೆಯುವ ಮಾಹಿತಿಯ ಮೇಲೆ ಮಾತ್ರ ನಿಂತ ಉತ್ತರದಾಯಿತ್ವ ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಕಾಯ್ದೆಯ 4ನೆಯ ಕಲಂ, ಯಾರೂ ಕೇಳದೆಯೇ ಸಾರ್ವಜನಿಕ ಸಂಸ್ಥೆಗಳು ತಮ್ಮ ಕೆಲಸದ ವಿವರಗಳನ್ನು ಪ್ರಕಟಿಸುತ್ತಿರಬೇಕೆಂದು ವಿಧಿಸುತ್ತದೆ. ಆಶ್ರಯಗಳ ವಿಷಯದಲ್ಲಿ ಒತ್ತು ಬೀಳಬೇಕಾದದ್ದು ಅಲ್ಲಿ.

ಈ ಒತ್ತು ತುರ್ತಾಗಿರುವುದು 2025ರ ನ್ಯಾಯಾಲಯದ ಆದೇಶಗಳಿಂದ. ದೆಹಲಿಯ ನಾಯಿಕಡಿತದ ವರದಿಯೊಂದನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆಗಸ್ಟ್ 11ರಂದು ರಾಜಧಾನಿ ಪ್ರದೇಶದ ಎಲ್ಲ ಬೀದಿನಾಯಿಗಳನ್ನೂ ಆಶ್ರಯಗಳಿಗೆ ಸಾಗಿಸಲು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ಸೋಂಕಿನ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವನ್ನು ಸಂತಾನಹರಣ ಮತ್ತು ಲಸಿಕೆಯ ಬಳಿಕ ಮೂಲ ಸ್ಥಳಕ್ಕೆ ಬಿಡಬೇಕೆಂದಿತು, ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ಹಿಗ್ಗಿಸಿತು. ನವೆಂಬರ್ 7ರ ಆದೇಶ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯಗಳಲ್ಲಿ ಇರಿಸಬೇಕೆಂದು ಹೇಳಿತು. ಮಕ್ಕಳೂ ರೋಗಿಗಳೂ ಓಡಾಡುವ ಜಾಗಗಳ ಸುರಕ್ಷತೆ ಈ ಆದೇಶದ ಉದ್ದೇಶ, ಅದನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಅದರ ಪರಿಣಾಮವಾಗಿ ನಾಲ್ಕಾರು ದಿನದ ಆಸ್ಪತ್ರೆಯಂತಿದ್ದ ಕೇಂದ್ರಗಳ ಪಕ್ಕದಲ್ಲಿ ನಾಯಿ ಬದುಕಿರುವವರೆಗೆ ಇರಬೇಕಾದ ಹೊಸ ಬಗೆಯ ಆಶ್ರಯ ಹುಟ್ಟುತ್ತದೆ. ಬೀದಿಗೆ ಮರಳದ ನಾಯಿಯನ್ನು ಬೀದಿಯವರು ನೋಡಲಾರರು; ಕತ್ತರಿಸಿದ ಕಿವಿ ಕೊಡುತ್ತಿದ್ದ ಸಾಕ್ಷ್ಯ ಗೋಡೆಯ ಒಳಗೇ ಉಳಿಯುತ್ತದೆ. ಇಕ್ಕಟ್ಟಾದ ಗೂಡುಗಳಲ್ಲಿ ಪಾರ್ವೊ, ಡಿಸ್ಟೆಂಪರ್‌ನಂಥ ಸಾಂಕ್ರಾಮಿಕ ರೋಗಗಳು ಬಂದರೆ ಸಾವುಗಳು ಬೇಗ ಏರುತ್ತವೆ, ಮತ್ತು ಸತ್ತ ನಾಯಿ ಖಾಲಿ ಮಾಡಿದ ಜಾಗದಲ್ಲಿ ಇನ್ನೊಂದು ಬಂದು ಸೇರಿದರೆ ತಲೆಲೆಕ್ಕ ಮೊದಲಿನಂತೆಯೇ ಇರುತ್ತದೆ. ಒಟ್ಟು ಸಂಖ್ಯೆಯ ವರದಿ ಈ ಸಾವನ್ನು ಹೇಳಲಾರದು. ಒಂದೊಂದು ನಾಯಿಯ ದಾಖಲೆ ಮಾತ್ರ ಹೇಳಬಲ್ಲದು.

ಬೇರೆಡೆಯ ಅನುಭವಗಳಲ್ಲಿ ಕೆಲವು ಇಲ್ಲಿಗೆ ಪ್ರಸ್ತುತ. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾನೂನು ನಿರ್ದಿಷ್ಟ ಜನಸಂಖ್ಯೆಯನ್ನು ಮೀರಿದ ಪ್ರದೇಶಗಳ ಪ್ರಾಣಿ ಆಶ್ರಯಗಳಿಗೆ ಸಲಹಾ ಸಮಿತಿ ಕಡ್ಡಾಯ ಮಾಡಿ, ಪಶುವೈದ್ಯ, ಸ್ಥಳೀಯ ಆಡಳಿತದ ಅಧಿಕಾರಿ, ಆಶ್ರಯದ ನಿತ್ಯದ ಕೆಲಸಗಾರ, ಪ್ರಾಣಿ ಕಲ್ಯಾಣ ಸಂಸ್ಥೆಯ ಪ್ರತಿನಿಧಿ ಅದರಲ್ಲಿರಬೇಕೆಂದೂ ವರ್ಷಕ್ಕೆ ಮೂರು ಬಾರಿಯಾದರೂ ಸೇರಬೇಕೆಂದೂ ಹೇಳುತ್ತದೆ. ಗೂಡು ತೊಳೆಯುವ ಕೈಗೂ ಮಾತಿನ ಹಕ್ಕು ಸಿಗುವುದು ಇದರ ವಿಶೇಷ. ವರ್ಜೀನಿಯಾದಲ್ಲಿ ಆಶ್ರಯಗಳು ರಾಜ್ಯದ ಪಶುವೈದ್ಯ ಅಧಿಕಾರಿಗೆ ಒಪ್ಪಿಸುವ ವಾರ್ಷಿಕ ಲೆಕ್ಕ ಸಾರ್ವಜನಿಕರಿಗೂ ತೆರೆದಿರುತ್ತದೆ. ಕ್ಯಾಲಿಫೋರ್ನಿಯಾ 1998ರಲ್ಲಿ ತಂದ ಕಾಯ್ದೆ ಪ್ರತಿ ಪ್ರಾಣಿ ಬಂದ ಬಗೆ, ಚಿಕಿತ್ಸೆ, ಕೊನೆಗೆ ಏನಾಯಿತೆಂಬುದರ ದಾಖಲೆಯನ್ನು ಮೂರು ವರ್ಷ ಉಳಿಸಬೇಕೆಂದಿತು. ಅದರ ಖರ್ಚು ರಾಜ್ಯದ ಮೇಲೆ ಬಿದ್ದುದರಿಂದ ಮುಂದೆ ಕಾಯ್ದೆಯ ಕೆಲವು ಭಾಗಗಳನ್ನು ಆಯವ್ಯಯದಲ್ಲಿ ಅಮಾನತಿನಲ್ಲಿಡಲಾಯಿತು. ದಾಖಲೆ ಇಡುವುದಕ್ಕೂ ದುಡ್ಡು ಬೇಕು, ಅದನ್ನು ಕೆಲಸದ ವೆಚ್ಚದಲ್ಲೇ ಸೇರಿಸದಿದ್ದರೆ ಮೊದಲು ಬಿದ್ದುಹೋಗುವುದು ದಾಖಲೆಯೇ. ನಮ್ಮಲ್ಲಿಯೂ ಉದಾಹರಣೆಗಳಿವೆ. ಗೋವಾದ ರೇಬೀಸ್ ನಿರ್ಮೂಲನ ಕಾರ್ಯಕ್ರಮದಲ್ಲಿ ಲಸಿಕೆ ಹಾಕಿದ ನಾಯಿಯ ಸ್ಥಳ ಸಹಿತ ವಿವರ ಮೊಬೈಲಿನಲ್ಲೇ ದಾಖಲಾಗುತ್ತಿತ್ತು. 2018ರಿಂದ ಅಲ್ಲಿ ಹಲವು ವರ್ಷ ಮನುಷ್ಯರ ರೇಬೀಸ್ ಸಾವು ವರದಿಯಾಗದಿರುವುದರ ಹಿಂದೆ ಆ ಶಿಸ್ತಿನ ಪಾಲು ದೊಡ್ಡದು. ಬೆಂಗಳೂರಿನಲ್ಲಿ ಅಂದಿನ ಬಿಬಿಎಂಪಿ 2019ರ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆಯೆಂದು ಪ್ರಕಟಿಸಿತು. ಸಂಖ್ಯೆಯನ್ನು ಒಪ್ಪುವುದೋ ಪ್ರಶ್ನಿಸುವುದೋ ಓದುಗರಿಗೆ ಬಿಟ್ಟದ್ದು. ಪ್ರಕಟವಾದದ್ದರಿಂದ ಪ್ರಶ್ನಿಸುವುದಾದರೂ ಸಾಧ್ಯವಾಯಿತು.

ಆಶ್ರಯವನ್ನು ಜನರಿಗೆ ತೆರೆಯುವುದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಹುರುಳಿಲ್ಲವೆನ್ನಲಾಗದು. ಬಂದವರ ಪಾದರಕ್ಷೆಯ ಮೂಲಕವೂ ಸೋಂಕು ಮರಿಗಳಿಗೆ ಹರಡಬಹುದು. ವಿಳಾಸ ಎಲ್ಲರಿಗೂ ತಿಳಿದರೆ ಬೇಡದ ನಾಯಿಗಳನ್ನು ರಾತ್ರಿ ಗೇಟಿನ ಬಳಿ ಕಟ್ಟಿಹೋಗುವವರು ಹೆಚ್ಚುತ್ತಾರೆ. ಕಡಿತದ ಸುದ್ದಿ ಬಂದ ದಿನ ಸಿಟ್ಟಿನ ಗುಂಪು, ನಾಯಿ ಸತ್ತ ಸುದ್ದಿ ಬಂದ ದಿನ ಇನ್ನೊಂದು ಸಿಟ್ಟಿನ ಗುಂಪು ಕಡಿಮೆ ಸಂಬಳದ ಸಿಬ್ಬಂದಿಯ ಮೇಲೆ ಎರಗಬಹುದು. ನಾಯಿ ಹಿಡಿಯುವವರ ಕೆಲಸ ಕಡಿತದ ಅಪಾಯದ್ದು, ಎರಡೂ ಕಡೆಯಿಂದ ಬೈಗುಳ ತಿನ್ನುವಂಥದ್ದು. ಇವೆಲ್ಲ ಪ್ರವೇಶದ ರೀತಿಯನ್ನು ಗೊತ್ತುಪಡಿಸಲು ಕಾರಣಗಳಾಗುತ್ತವೆಯೇ ಹೊರತು ಪ್ರವೇಶವನ್ನು ನಿರಾಕರಿಸಲು ಅಲ್ಲ. ಮನುಷ್ಯರ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕಕ್ಕೆ ಎಲ್ಲರನ್ನೂ ಬಿಡದಿದ್ದರೂ ಭೇಟಿಯ ಹೊತ್ತು ಗೊತ್ತುಮಾಡಿರುತ್ತಾರೆ. ರೋಗಿ ನಾಯಿಗಳ ವಿಭಾಗವನ್ನು ಬೇರೆಯಿರಿಸಿ, ವಾರದ ನಿಗದಿತ ದಿನ ಉಳಿದ ಭಾಗ ತೋರಿಸಿ, ವಾರ್ಡಿನ ಇಬ್ಬರು ಮೂವರು ನಿವಾಸಿಗಳಿಗೆ ಮುನ್ಸೂಚನೆ ಇಲ್ಲದೆ ಬರುವ ಅಧಿಕಾರ ಕೊಟ್ಟರೆ ಸಿಬ್ಬಂದಿಗೇ ರಕ್ಷಣೆ ಹೆಚ್ಚು, ಏಕೆಂದರೆ ಸುಳ್ಳು ಸುದ್ದಿಗೆ ಉತ್ತರಿಸಬಲ್ಲ ಸಾಕ್ಷಿಗಳು ಆಗ ಹೊರಗೆ ಇರುತ್ತಾರೆ.

ಪ್ರಕಟವಾಗಬೇಕಾದ ದಾಖಲೆಯ ಸ್ವರೂಪವೂ ಸಂಕೀರ್ಣವಲ್ಲ. ನಾಯಿಯ ಸಂಖ್ಯೆ, ಹಿಡಿದ ಬೀದಿ ಮತ್ತು ದಿನ, ಶಸ್ತ್ರಚಿಕಿತ್ಸೆಯ ಮತ್ತು ಲಸಿಕೆಯ ದಿನ, ಬಿಟ್ಟ ಜಾಗ ಮತ್ತು ದಿನ, ಸತ್ತಿದ್ದರೆ ಕಾರಣ, ಆಶ್ರಯದಲ್ಲೇ ಉಳಿದಿದ್ದರೆ ಎಲ್ಲಿ, ಇಷ್ಟನ್ನು ವಾರ್ಡುವಾರು ಪ್ರತಿ ತಿಂಗಳು ಹೊರಹಾಕಿದರೆ ಸಾಕು. ದೂರುದಾರನ ಹೆಸರಾಗಲಿ ಅನ್ನ ಹಾಕುವವರ ವಿಳಾಸವಾಗಲಿ ಅದರಲ್ಲಿ ಬೇಡ. ಇದರಲ್ಲಿ ಬಹುಪಾಲು ವಿವರಗಳನ್ನು ಕೇಂದ್ರಗಳು ನಿಯಮದ ಪ್ರಕಾರ ಈಗಲೇ ಬರೆದಿಡಬೇಕಾಗಿರುವುದರಿಂದ ಹೊಸ ಕಾನೂನಿನ ಅಗತ್ಯವೂ ಇಲ್ಲ. ಸ್ಥಳೀಯ ಸಮಿತಿ ತಿಂಗಳ ಸಭೆಯಲ್ಲಿ ಒಂದು ನಿರ್ಣಯ ಮಾಡಿ, ಸಂಸ್ಥೆಗಳೊಂದಿಗಿನ ಒಪ್ಪಂದದಲ್ಲಿ ಪ್ರಕಟಣೆಯನ್ನು ಪಾವತಿಯ ಷರತ್ತಾಗಿಸಿದರೆ ಕೆಲಸ ಆರಂಭವಾಗುತ್ತದೆ. ಭಾಷೆಯ ಸಂಗತಿ ಮಾತ್ರ ಮರೆಯಬಾರದು. ಹೈದರಾಬಾದಿನಲ್ಲಿ ನಾಯಿಕಡಿತ ಹೆಚ್ಚು ತಟ್ಟುವುದು ಬರಿಗಾಲಿನಲ್ಲಿ, ಬೈಸಿಕಲ್ಲಿನಲ್ಲಿ, ನಸುಕಿನ ಪಾಳಿಯಲ್ಲಿ ಓಡಾಡುವವರಿಗೆ. ಅವರ ಓದು ತೆಲುಗಿನಲ್ಲಿ ಅಥವಾ ಉರ್ದುವಿನಲ್ಲಿ. ಈ ಎರಡೂ ರಾಜ್ಯದ ಅಧಿಕೃತ ಭಾಷೆಗಳಾಗಿರುವಾಗ ವಾರ್ಡ್ ಕಚೇರಿಯ ಗೋಡೆಯ ಮೇಲಿನ ಪಟ್ಟಿಯೂ, ಸೋಮವಾರದ ಪ್ರಜಾವಾಣಿ ಅಹವಾಲು ಸಭೆಯಲ್ಲಿ ಕೊಡುವ ಉತ್ತರವೂ ಆ ಭಾಷೆಗಳಲ್ಲೇ ಇರಬೇಕು.

ಸರ್ವೋಚ್ಚ ನ್ಯಾಯಾಲಯದ ನವೆಂಬರ್ 7ರ ಆದೇಶದ ಪಾಲನೆಗಾಗಿ ಹೊಸ ಆಶ್ರಯಗಳಿಗೆ ಜಾಗ ಹುಡುಕುವ, ನಕ್ಷೆ ಹಾಕುವ, ಟೆಂಡರ್ ಕರೆಯುವ ಹಂತ ಇಂಥ ಪ್ರವೇಶಕ್ಕೂ ಪ್ರಕಟಣೆಗೂ ಅತ್ಯಂತ ಅನುಕೂಲದ ಕಾಲ. ಕಟ್ಟಡ ಎದ್ದ ಮೇಲೆ ನೋಟದ ದಾರಿ ಕೊರೆಯುವುದು ಕಷ್ಟ. ನಕ್ಷೆಯಲ್ಲೇ ಸಂದರ್ಶಕರ ಓಣಿ, ಪ್ರತ್ಯೇಕ ರೋಗಿ ವಿಭಾಗ, ಗೇಟಿನ ಬಳಿ ದಿನದ ಲೆಕ್ಕದ ಫಲಕ ಇದ್ದರೆ ಖರ್ಚು ಅಲ್ಪ. ಟೆಂಡರಿನ ಷರತ್ತುಗಳಲ್ಲಿ ನಾಯಿವಾರು ದಾಖಲೆ, ಪ್ರತಿ ಸಾವಿನ ಮರಣೋತ್ತರ ಟಿಪ್ಪಣಿ, ಕ್ಯಾಮರಾ ದೃಶ್ಯಗಳನ್ನು ಸಮಿತಿ ಕೇಳಿದಾಗ ಒಪ್ಪಿಸುವ ಕರಾರು, ಕೆಲಸ ಮಾಡುವ ಸಂಸ್ಥೆಯ ಪ್ರತಿನಿಧಿ ತನ್ನ ಕೆಲಸದ ಪರಿಶೀಲನೆಯ ದಿನ ಸಮಿತಿಯಿಂದ ಹೊರಗುಳಿಯುವ ಕರಾರು, ಇವು ಸೇರಿವೆಯೇ ಎಂದು ಆ ಕಾಗದಗಳು ಸಹಿಯಾಗುವ ಮೊದಲೇ ವಾರ್ಡುಗಳ ನಿವಾಸಿಗಳು ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಂ ಅವರ ಪರವಾಗಿದೆ, ಮತ್ತು 2025ರ ಮೇ ತಿಂಗಳಿನಿಂದ ಮಾಹಿತಿ ಆಯೋಗದ ಪೀಠವೂ ಖಾಲಿಯಾಗಿಲ್ಲ.